ಥೈರಾ ಹೆಸರಿನ ನಾಲ್ಕು ಕಲ್ಲು: ರೂನ್ ಶಾಸನಗಳನ್ನು ಈಗ ಓದುವ ಬಗೆ

ಡೆನ್ಮಾರ್ಕಿನ ಜಟ್‌ಲಂಡ್ ಪರ್ಯಾಯದ್ವೀಪದಲ್ಲಿ ಥೈರಾ ಎಂಬ ಹೆಣ್ಣಿನ ಹೆಸರಿರುವ ನಾಲ್ಕು ಶಾಸನಗಳಿವೆ, ಉತ್ತರ ಯುರೋಪಿನ ಹಳೆಯ ಲಿಪಿಯಾದ ರೂನ್ ಅಕ್ಷರಗಳಲ್ಲಿ ಕಲ್ಲಿನ ಮೇಲೆ ಕೊರೆದವು. ಎರಡು ಯೆಲ್ಲಿಂಗ್ ಊರಿನ ಚರ್ಚಿನ ಎದುರಿಗಿವೆ. ಅವುಗಳಲ್ಲಿ ಚಿಕ್ಕದನ್ನು ನಿಲ್ಲಿಸಿದವನು ಗೋರ್ಮ್ ದೊರೆ. ತನ್ನ ಮಡದಿ, 'ಡೆನ್ಮಾರ್ಕಿನ ಭೂಷಣ' ಥೈರಾಳ ನೆನಪಿಗೆ ಈ ಸ್ಮಾರಕ ಮಾಡಿದೆ ಎನ್ನುತ್ತಾನೆ. ಸುಮಾರು 965ರ ದೊಡ್ಡ ಕಲ್ಲು ಅವರ ಮಗ ಹರಾಲ್ಡ್ ಬ್ಲೂಟೂತ್‌ನದು. ತಂದೆ ಗೋರ್ಮ್, ತಾಯಿ ಥೈರಾ ಇಬ್ಬರ ನೆನಪಿಗೂ ಇದನ್ನು ಮಾಡಿಸಿದೆ ಎಂದು ಶುರುಮಾಡಿ, ಡೆನ್ಮಾರ್ಕನ್ನೆಲ್ಲ ಮತ್ತು ನಾರ್ವೆಯನ್ನು ಗೆದ್ದು ಡೇನರನ್ನು ಕ್ರೈಸ್ತರನ್ನಾಗಿಸಿದ ಹರಾಲ್ಡ್ ನಾನೇ ಎಂದು ಮುಗಿಸುತ್ತಾನೆ. ಇನ್ನೆರಡು ಕಲ್ಲುಗಳು ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ಲೇಬೊರ್ಗ್ ಮತ್ತು ಬೆಕ್ಕೆ ಊರುಗಳಲ್ಲಿವೆ. ಲೇಬೊರ್ಗ್‌ನಲ್ಲಿ ರಾವ್ನುಂಗೆ-ತೂವೆ ಎಂಬಾತ ತನ್ನ ಒಡತಿ ಥೈರಾಳ ನೆನಪಿಗೆ ಈ ರೂನ್‌ಗಳನ್ನು ಕಂಡರಿಸಿದ್ದಾನೆ. ಬೆಕ್ಕೆಯಲ್ಲಿ ಅದೇ ತೂವೆ ಇನ್ನಿಬ್ಬರೊಂದಿಗೆ ಸೇರಿ ಥೈರಾಳ ಸಮಾಧಿ ದಿಬ್ಬ ಕಟ್ಟಿದೆ ಎಂದು ಹೇಳಿಕೊಂಡಿದ್ದಾನೆ.

ಇವಳು ರಾಣಿಯೇ, ಅಥವಾ ಅದೇ ಹೆಸರಿನ ಬೇರೊಬ್ಬ ಗಣ್ಯ ಹೆಂಗಸೇ? ಶಾಸನದ ಪಠ್ಯವನ್ನಷ್ಟೇ ಹಿಡಿದು ಕೂತರೆ ಉತ್ತರ ಸಿಗುವುದಿಲ್ಲ. 2023ರಲ್ಲಿ ಡೆನ್ಮಾರ್ಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಲಿಸ್ಬೆತ್ ಇಮರ್, ಸ್ವೀಡನ್ನಿನ ಪುರಾತತ್ವ ಮಂಡಳಿಯ ಲೈಲಾ ಕಿಟ್ಸ್ಲರ್ ಓಫೆಲ್ಟ್ ಮತ್ತು ಜೊತೆಗಾರರು ಬೇರೆ ದಾರಿ ಹಿಡಿದರು. ಅಕ್ಷರದ ಅರ್ಥವನ್ನು ಬದಿಗಿಟ್ಟು, ಅಕ್ಷರ ಕೊರೆದ ಗೀರಿನ ತಳವನ್ನು 3ಡಿ ಸ್ಕ್ಯಾನರಿನಿಂದ ಅಳೆದರು. ಹರಾಲ್ಡನ ದೊಡ್ಡ ಕಲ್ಲನ್ನೂ ಲೇಬೊರ್ಗ್ ಕಲ್ಲನ್ನೂ ಕೊರೆದದ್ದು ಒಂದೇ ಕೈ ಎಂಬ ನಿರ್ಣಯಕ್ಕೆ ಬಂದರು. ದೊರೆಯ ಕಲ್ಲಿಗೆ ಕೆಲಸ ಮಾಡಿದ ರೂವಾರಿಯೇ ಲೇಬೊರ್ಗ್‌ನಲ್ಲಿ ಥೈರಾಳನ್ನು 'ನನ್ನ ಒಡತಿ' ಎಂದಿರುವಾಗ, ಎರಡೂ ಕಡೆಯ ಥೈರಾ ಒಬ್ಬಳೇ ಎಂಬ ವಾದಕ್ಕೆ ಮೊದಲಿಲ್ಲದ ಬಲ ಬಂತು. ಆ ಲೆಕ್ಕದಲ್ಲಿ ವೈಕಿಂಗ್ ಕಾಲದ ಡೆನ್ಮಾರ್ಕಿನಲ್ಲಿ ಇಷ್ಟು ಕಲ್ಲುಗಳ ಮೇಲೆ ಹೆಸರು ಬಂದವರು ಮತ್ತೊಬ್ಬರಿಲ್ಲ, ಅವಳ ಗಂಡನೂ ಇಲ್ಲ, ಮಗನೂ ಇಲ್ಲ. ರಾಜ್ಯದ ಹುಟ್ಟನ್ನು ತಂದೆ-ಮಗನ ಸಾಹಸವಾಗಿ ಹೇಳಿಕೊಂಡು ಬಂದ ಚರಿತ್ರೆಯಲ್ಲಿ ಥೈರಾಳಿಗೂ ಅವಳ ತವರಿನ ಮನೆತನಕ್ಕೂ ಈಗ ಜಾಗ ಮಾಡಿಕೊಡಬೇಕಾಗಿದೆ.

ಇನ್ನೊಂದು ಸಂಗತಿಯೂ ಇದೆ. ಲೇಬೊರ್ಗ್ ಕಲ್ಲಿನ ಮೇಲೆ ಕ್ರೈಸ್ತಧರ್ಮಕ್ಕೂ ಹಿಂದಿನ ಥೋರ್ ದೇವರ ಸುತ್ತಿಗೆಯ ಗುರುತಿದೆ. ಯೆಲ್ಲಿಂಗ್‌ನ ದೊಡ್ಡ ಕಲ್ಲಿನ ಒಂದು ಮುಖದಲ್ಲಿ ಯೇಸುವಿನ ಚಿತ್ರವಿದೆ. ಒಬ್ಬನೇ ಎರಡನ್ನೂ ಕೊರೆದಿದ್ದರೆ, ಕಲ್ಲಿನ ಮೇಲಿನ ಧರ್ಮ ಕೊರೆದವನದಲ್ಲ, ಕೆಲಸ ಕೊಟ್ಟವರದು.

ಗೀರಿನ ತಳದಲ್ಲಿ ಏನಿದೆ

ಗ್ರಾನೈಟಿನಂಥ ಗಟ್ಟಿ ಕಲ್ಲಿನಲ್ಲಿ ಗೀರು ಒಂದೇ ಎಳೆತಕ್ಕೆ ಮೂಡುವುದಿಲ್ಲ. ಚೂಪು ಉಳಿಯನ್ನು ಸುತ್ತಿಗೆಯಿಂದ ಬಡಿದಾಗ ಕಲ್ಲು ಆ ಬಿಂದುವಿನಲ್ಲಿ ಪುಡಿಯಾಗುತ್ತದೆ. ಉಳಿ ಸ್ವಲ್ಪ ಮುಂದೆ ಸರಿಯುತ್ತದೆ, ಮತ್ತೆ ಏಟು. ಹೀಗಾಗಿ ಗೀರಿನ ತಳ ನುಣುಪಾಗಿರದೆ ಸಣ್ಣ ಅಲೆಗಳ ಸಾಲಿನಂತಿರುತ್ತದೆ. ಒಂದು ಏಟಿಗೂ ಮುಂದಿನ ಏಟಿಗೂ ನಡುವಿನ ದೂರ, ಪ್ರತಿ ಏಟಿನ ಆಳ, ಉಳಿ ಹಿಡಿದ ಕೋನ, ಗೀರಿನ ಎರಡು ಮಗ್ಗುಲುಗಳ ಇಳಿಜಾರು ಇವೆಲ್ಲ ಪಳಗಿದ ಕೈಗೆ ರೂಢಿಯಾಗಿ ಕೂತಿರುತ್ತವೆ. ನಡಿಗೆಯಿಂದ ಮನುಷ್ಯನನ್ನು ಗುರುತಿಸುವ ಹಾಗೆ ಇದು. ಕೊರೆಯುವವನು ಬೇಕೆಂದು ಬದಲಿಸುವಂಥದ್ದಲ್ಲ. ಅಕ್ಷರದ ಆಕಾರವನ್ನಾದರೆ ಶಿಷ್ಯನೂ ನಕಲು ಮಾಡಬಲ್ಲ, ಏಟಿನ ಲಯವನ್ನು ನಕಲು ಮಾಡುವುದು ಕಷ್ಟ.

ಸ್ಕ್ಯಾನ್ ಮಾಡಿದ ಮೇಲ್ಮೈಯಿಂದ ಒಂದೊಂದು ಗೀರಿನ ಅಡ್ಡಸೀಳಿಕೆ ಮತ್ತು ಉದ್ದಸೀಳಿಕೆಗಳನ್ನು ತೆಗೆದು, ಅಳತೆಗಳನ್ನು ಪಟ್ಟಿಮಾಡಿ, ಸಂಖ್ಯಾಶಾಸ್ತ್ರದ ಗುಂಪುಗಾರಿಕೆಗೆ ಒಡ್ಡುತ್ತಾರೆ. ಒಂದೇ ಕಲ್ಲಿನ ಗೀರುಗಳು ಎರಡು ಗುಂಪಾಗಿ ಬಿದ್ದರೆ ಅಲ್ಲಿ ಇಬ್ಬರು ಕೆಲಸ ಮಾಡಿರಬಹುದು. ಕಿಟ್ಸ್ಲರ್ ಓಫೆಲ್ಟ್ ಸ್ವೀಡನ್ನಿನ ಕಲ್ಲುಗಳ ಮೇಲೆ ವರ್ಷಗಟ್ಟಲೆ ಈ ಕೆಲಸ ನಡೆಸಿದ್ದಾರೆ. ರೂವಾರಿಗಳು ಸಹಾಯಕರನ್ನು ಇಟ್ಟುಕೊಂಡು ಕೆಲಸ ಹಂಚಿಕೊಳ್ಳುತ್ತಿದ್ದರು ಎಂಬುದು ಅದರಿಂದ ಸ್ಪಷ್ಟವಾಗಿದೆ. ಹಾಗಾದರೆ ಕಲ್ಲಿನ ಮೇಲೆ 'ಓಪಿರ್ ಕೊರೆದ' ಎಂದಿದ್ದ ಮಾತ್ರಕ್ಕೆ ಪ್ರತಿ ಗೀರೂ ಓಪಿರ್‌ನದಲ್ಲ. ಸುಮಾರು 50 ಕಲ್ಲುಗಳಲ್ಲಿ ಹೆಸರು ಬಿಟ್ಟುಹೋದ ಈ ಸ್ವೀಡಿಷ್ ರೂವಾರಿಯದು ಒಂದು ಕಾರ್ಖಾನೆಯೇ ಇದ್ದಿರಬೇಕು.

ವಿಧಾನಕ್ಕೆ ಮಿತಿಗಳಿವೆ. ಪತ್ರಿಕೆಗಳ ತಲೆಬರಹಗಳಲ್ಲಿ ಅವು ಬರುವುದಿಲ್ಲ. ಗ್ರಾನೈಟಿನ ಗೀರನ್ನು ಮರಳುಗಲ್ಲಿನ ಗೀರಿನೊಂದಿಗೆ ನೇರ ಹೋಲಿಸುವಂತಿಲ್ಲ; ಏಟಿಗೆ ಎರಡು ಕಲ್ಲುಗಳೂ ಬೇರೆ ಬೇರೆ ರೀತಿ ಒಡೆಯುತ್ತವೆ. ಮಳೆ-ಹಿಮಕ್ಕೆ ಸವೆದ ಕಲ್ಲಿನಲ್ಲಿ ಮೊದಲು ಅಳಿಯುವುದು ತಳದ ಅಲೆಯೇ. ಅಕ್ಷರ ಕಣ್ಣಿಗೆ ಕಂಡರೂ ಏಟಿನ ಗುರುತು ಹೋಗಿರುತ್ತದೆ. ಬೆಕ್ಕೆಯ ಕಲ್ಲು ತುಂಬ ಸವೆದಿರುವುದರಿಂದ ಅಲ್ಲಿ ತೂವೆಯ ಹೆಸರನ್ನು ಪಠ್ಯ ಹೇಳುತ್ತದೆಯೇ ಹೊರತು ಅಳತೆ ಅಷ್ಟು ದಿಟ್ಟವಾಗಿ ಹೇಳುವುದಿಲ್ಲ. ಹಳೆಯ ಬಣ್ಣದ ಪದರ ಗೀರಿನಲ್ಲಿ ಕೂತಿದ್ದರೂ, ಈಚಿನ ಶತಮಾನಗಳಲ್ಲಿ ಯಾರಾದರೂ 'ಸ್ಪಷ್ಟವಾಗಲಿ' ಎಂದು ಮತ್ತೆ ಕೊರೆದಿದ್ದರೂ ಅಳತೆ ಕೆಡುತ್ತದೆ. ಲೇಬೊರ್ಗ್-ಯೆಲ್ಲಿಂಗ್ ನಿರ್ಣಯವನ್ನು ಗಟ್ಟಿ ಎನ್ನಬಹುದು. ಅದರಿಂದ ಥೈರಾಳ ತವರಿನ ಬಗ್ಗೆ ಎಳೆದ ಮಾತುಗಳು ಮಾತ್ರ ಇನ್ನೂ ಊಹೆಯ ಹಂತದಲ್ಲಿವೆ.

ಹದಿನಾರು ಅಕ್ಷರದ ತೊಡಕು

ಸ್ಕ್ಯಾಂಡಿನೇವಿಯದಲ್ಲಿ ವೈಕಿಂಗ್ ಕಾಲದ ಮೂರು ಸಾವಿರದಷ್ಟು ರೂನ್ ಕಲ್ಲುಗಳು ಗೊತ್ತಿವೆ. ಡೆನ್ಮಾರ್ಕಿನಲ್ಲಿ ಸುಮಾರು 250, ನಾರ್ವೆಯಲ್ಲಿ ಹತ್ತಿರ ಹತ್ತಿರ 50, ಉಳಿದವೆಲ್ಲ ಸ್ವೀಡನ್ನಿನವು. ಸ್ಟಾಕ್‌ಹೋಮಿನ ಉತ್ತರಕ್ಕಿರುವ ಉಪ್‌ಲಾಂಡ್ ಪ್ರಾಂತದಲ್ಲೇ ಸಾವಿರಕ್ಕೂ ಮಿಕ್ಕಿ ಇವೆ, ಬಹುಪಾಲು 11ನೇ ಶತಮಾನದವು. ಕಲ್ಲು ನೆಡುವುದು ಅಲ್ಲಿ ಮೂರು-ನಾಲ್ಕು ತಲೆಮಾರು ಜೋರಾಗಿ ನಡೆದ ಪದ್ಧತಿ. ಕ್ರೈಸ್ತ ಚರ್ಚು ಮತ್ತು ಅದರ ಹೂಳುಗಾಡು ಬೇರೂರಿದ ಮೇಲೆ 12ನೇ ಶತಮಾನದ ಮೊದಲ ದಶಕಗಳಲ್ಲಿ ಅದು ನಿಂತುಹೋಯಿತು.

ಹಳೆಯ ರೂನ್ ಮಾಲೆಯಲ್ಲಿ 24 ಅಕ್ಷರಗಳಿದ್ದವು. 8ನೇ ಶತಮಾನದ ಹೊತ್ತಿಗೆ ಅವು 16ಕ್ಕೆ ಇಳಿದವು. ಭಾಷೆಯಲ್ಲಿ ಸ್ವರಗಳು ಹೆಚ್ಚುತ್ತಿದ್ದ ಕಾಲದಲ್ಲೇ ಅಕ್ಷರ ಕಡಿಮೆಯಾದದ್ದು ವಿಚಿತ್ರ. ಉ, ಒ ಮತ್ತು ಅವುಗಳ ನೆರೆಯ ಸ್ವರಗಳಿಗೆಲ್ಲ ಒಂದೇ ಗುರುತು. ಕ-ಗ ಒಂದೇ, ತ-ದ ಒಂದೇ, ಪ-ಬ ಒಂದೇ. ವ್ಯಂಜನಕ್ಕೆ ಮೊದಲು ಬರುವ ಅನುನಾಸಿಕವನ್ನು ಹೆಚ್ಚಾಗಿ ಬಿಟ್ಟೇಬಿಡುತ್ತಾರೆ. ಯೆಲ್ಲಿಂಗ್ ಕಲ್ಲಿನಲ್ಲಿ ದೊರೆ ಎಂಬುದಕ್ಕೆ ಕೊರೆದಿರುವುದು 'ಕುನುಕ್ರ್'; ಓದಬೇಕಾದದ್ದು 'ಕೊನುಂಗ್ರ್'. ಒಂದು ಪದ ಮುಗಿಯುವ ಅಕ್ಷರವೇ ಮುಂದಿನ ಪದದ ಮೊದಲ ಅಕ್ಷರವಾಗಿದ್ದರೆ ಒಮ್ಮೆ ಮಾತ್ರ ಕೊರೆಯುವುದು ರೂಢಿ. ಪದಗಳ ನಡುವೆ ಅಡ್ಡ ಗುರುತು ಕೆಲವು ಕಲ್ಲುಗಳಲ್ಲಿ ಮಾತ್ರ ಇರುತ್ತದೆ. ಇದರ ಮೇಲೆ, ಪಠ್ಯ ಹಾವಿನ ಮೈಯ ಪಟ್ಟಿಯೊಳಗೆ ಸುತ್ತಿಕೊಂಡು ಹೋಗುತ್ತದೆ. ಸಾಮಾನ್ಯವಾಗಿ ಹಾವಿನ ತಲೆಯ ಕಡೆಯಿಂದ ಶುರು. ರೂವಾರಿ ಜಾಗದ ಲೆಕ್ಕ ತಪ್ಪಿದ್ದರೆ ಕೊನೆಯ ಅಕ್ಷರಗಳು ಪಟ್ಟಿಯ ಹೊರಗೆ ಚೆಲ್ಲಿರುತ್ತವೆ. ಉಪ್‌ಲಾಂಡಿನ ಕೆಲವು ಕಲ್ಲುಗಳಲ್ಲಿ ಅಕ್ಷರಗಳಿವೆ, ಹಾವಿದೆ, ಶಿಲುಬೆಯೂ ಇದೆ, ಅರ್ಥ ಮಾತ್ರ ಇಲ್ಲ. ಓದು ಬಾರದ ಕೈ ಓದು ಬಾರದವರಿಗಾಗಿ ಮಾಡಿಕೊಟ್ಟಿದ್ದಿರಬಹುದು; ಕಲ್ಲು ನಿಂತರೆ ಸಾಕಿತ್ತು.

ಇಷ್ಟು ತೊಡಕಿದ್ದರೂ ಬಹುಪಾಲು ಶಾಸನಗಳನ್ನು ಓದಲು ಸಾಧ್ಯವಾಗಿರುವುದು ಅವುಗಳ ಸಿದ್ಧ ವಾಕ್ಯದಿಂದ: 'ಇಂಥವನು ತನ್ನ ತಂದೆ ಇಂಥವನ ನೆನಪಿಗೆ ಈ ಕಲ್ಲು ನೆಡಿಸಿದ. ದೇವರು ಅವನ ಆತ್ಮಕ್ಕೆ ನೆರವಾಗಲಿ.' ಕೆಲವದರಲ್ಲಿ ಸಾವಿನ ಸ್ಥಳ, ಒಂದು ಹೊಗಳಿಕೆ, ಕೊನೆಗೆ ರೂವಾರಿಯ ಹೆಸರು. ವೀರಗಲ್ಲು ನೋಡಿ ಬೆಳೆದ ಕನ್ನಡ ಓದುಗರು ಇಲ್ಲಿ ಎಡವಬಹುದು. ವೀರಗಲ್ಲಿನಲ್ಲಿ ಸತ್ತವನೇ ನಾಯಕ. ರೂನ್ ಕಲ್ಲಿನ ವಾಕ್ಯದಲ್ಲಿ ಮೊದಲ ಹೆಸರು ಬದುಕಿರುವವರದು. ಕಲ್ಲು ನಿಲ್ಲುವುದೂ ಹೆಚ್ಚಾಗಿ ಗೋರಿಯ ಮೇಲಲ್ಲ, ದಾರಿಯ ಬದಿಯಲ್ಲಿ, ಸೇತುವೆಯ ತುದಿಯಲ್ಲಿ, ಊರವರು ನ್ಯಾಯಕ್ಕೆ ಸೇರುವ ಬಯಲಿನಲ್ಲಿ.

ಯಾರ ನೆನಪು, ಯಾರ ಹಕ್ಕು

ಸ್ಟಾಕ್‌ಹೋಮ್ ಬಳಿ ಮೆಲಾರೆನ್ ಸರೋವರದ ದ್ವೀಪವೊಂದರಲ್ಲಿ, ಹಿಲ್ಲರ್‌ಶೋ ಎಂಬ ಜಮೀನಿನ ಬಂಡೆಯ ಮೇಲಿನ ಶಾಸನ 'ಓದು!' ಎಂಬ ಅಪ್ಪಣೆಯಿಂದ ಆರಂಭವಾಗುತ್ತದೆ. ಮುಂದಿನದರಲ್ಲಿ ದುಃಖದ ಒಂದು ಪದವೂ ಇಲ್ಲ. ಗೇರ್ಮುಂಡ್ ಕನ್ಯೆ ಗೇರ್ಲೋಗಳನ್ನು ಮದುವೆಯಾದ. ಅವರಿಗೆ ಮಗ ಹುಟ್ಟಿದ. ಆಮೇಲೆ ಗೇರ್ಮುಂಡ್ ನೀರಿನಲ್ಲಿ ಮುಳುಗಿ ಸತ್ತ, ಆಮೇಲೆ ಮಗ ಸತ್ತ. ಆಮೇಲೆ ಅವಳು ಗುಡ್ರಿಕ್‌ನ ಕೈಹಿಡಿದಳು. ಮಕ್ಕಳಾದವು, ಉಳಿದದ್ದು ಒಬ್ಬ ಹುಡುಗಿ, ಇಂಗಾ. ಸ್ನೋಟ್ಸ್ಟಾದ ರಾಗ್ನ್‌ಫಾಸ್ಟ್ ಅವಳನ್ನು ಮದುವೆಯಾದ. ಆಮೇಲೆ ಅವನು ಸತ್ತ, ಆಮೇಲೆ ಅವರ ಮಗ. ತಾಯಿ ಮಗನ ಆಸ್ತಿಗೆ ವಾರಸುದಾರಳಾದಳು. ಆಮೇಲೆ ಅವಳಿಗೆ ಎರಿಕ್ ಗಂಡನಾದ. ಆಮೇಲೆ ಅವಳು ಸತ್ತಳು. ಆಗ ಗೇರ್ಲೋಗ್ ಮಗಳು ಇಂಗಾಳ ಆಸ್ತಿಗೆ ವಾರಸುದಾರಳಾದಳು. ರೂನ್ ಕೊರೆದವನು ಥೋರ್‌ಬ್ಯೋರ್ನ್ ಸ್ಕಾಲ್ಡ್.

ಈ ಶಾಸನದ ಜೀವ 'ಆಮೇಲೆ'ಗಳಲ್ಲಿದೆ. ರಾಗ್ನ್‌ಫಾಸ್ಟ್ ಮೊದಲು ಸತ್ತು ಮಗ ಆಮೇಲೆ ಸತ್ತದ್ದರಿಂದ ತಂದೆಯ ಭೂಮಿ ಮಗನಿಗೆ ಬಂದು, ಮಗನಿಂದ ತಾಯಿಗೆ ಹರಿಯಿತು. ಸಾವುಗಳ ಸರದಿ ತಿರುಗುಮುರುಗಾಗಿದ್ದರೆ ಭೂಮಿ ರಾಗ್ನ್‌ಫಾಸ್ಟನ ಕಡೆಯವರಿಗೆ ಹೋಗುವ ಸಂಭವವಿತ್ತು. ಇದು ಬರಿಯ ಊಹೆಯಲ್ಲ, ಅಂಥ ಹಕ್ಕುದಾರರು ಇದ್ದರು ಎನ್ನಲು ಬೇರೆ ಕಲ್ಲುಗಳ ಸಾಕ್ಷಿ ಇದೆ. ಗಂಡ ಸತ್ತ ಮೇಲೆ ಇಂಗಾ ಸ್ನೋಟ್ಸ್ಟಾ ಮತ್ತು ವ್ರೇಟಾದಲ್ಲಿ ನಾಲ್ಕು ಶಾಸನ ಮಾಡಿಸಿದಳು. ಒಂದರಲ್ಲಿ, ರಾಗ್ನ್‌ಫಾಸ್ಟ್ ತಂದೆ ಸಿಗ್‌ಫಾಸ್ಟನ ನಂತರ ಈ ಜಮೀನಿಗೆ ಒಬ್ಬನೇ ಒಡೆಯನಾಗಿದ್ದ ಎನ್ನುತ್ತಾಳೆ. ಇನ್ನೊಂದರಲ್ಲಿ ಅವನು ಗ್ಯುರಿಡ್ ಮತ್ತು ಆಸ್ಟ್ರಿಡರ ಅಣ್ಣತಮ್ಮ ಎನ್ನುತ್ತಾಳೆ. ಎಂದರೆ ನಾದಿನಿ-ಅತ್ತಿಗೆಯರ ಪ್ರಶ್ನೆ ಬರಬಹುದಿತ್ತು. ವ್ರೇಟಾದಲ್ಲಿ ನೇರವಾಗಿ, ತನ್ನ ಮಗುವಿನ ಆಸ್ತಿ ತನಗೆ ಬಂತು ಎಂದು ಕೊರೆಸುತ್ತಾಳೆ. ನಾಲ್ಕೂ ಗಂಡನ ನೆನಪಿನವು ಹೌದು. ಒಟ್ಟಿಗಿಟ್ಟು ಓದಿದರೆ ಅದೊಂದು ದಾವೆಯ ಕಡತ. ಉಪ್‌ಲಾಂಡಿನ ಕಾನೂನು ಬರಹಕ್ಕೆ ಬಂದದ್ದು 1296ರಲ್ಲಿ. ಇಂಗಾಳಿಗೆ ಖಾತೆ, ಪಹಣಿ ಯಾವುದೂ ಇರಲಿಲ್ಲ. ದಾರಿಹೋಕರೆಲ್ಲ ನೋಡುವ ಕಲ್ಲೇ ಅವಳ ದಾಖಲೆ.

ಇತಿಹಾಸಕಾರ್ತಿ ಬಿರ್ಗಿಟ್ ಸಾಯರ್ ಇಂಥ ಸಾಕ್ಷಿಗಳಿಂದ ರೂನ್ ಕಲ್ಲುಗಳನ್ನು ಒಟ್ಟಾರೆ ವಾರಸಿನ ಘೋಷಣೆಗಳಾಗಿ ಓದಿದರು. ಎಲ್ಲಕ್ಕೂ ಈ ಸೂತ್ರ ಹೊಂದುವುದಿಲ್ಲ. ಡೆನ್ಮಾರ್ಕಿನ ಹೋರ್ನಿಂಗ್ ಕಲ್ಲಿನಲ್ಲಿ ಕಮ್ಮಾರ ಟೋಕಿ, ತನಗೆ ಚಿನ್ನವನ್ನೂ ಬಿಡುಗಡೆಯನ್ನೂ ಕೊಟ್ಟ ಯಜಮಾನನನ್ನು ನೆನೆಯುತ್ತಾನೆ. ಬಿಡುಗಡೆಯಾದ ಆಳಿಗೆ ಅಲ್ಲಿ ಯಾವ ಜಮೀನಿನ ಪಾಲು? ಆದರೂ 'ನಾನು ಈಗ ಸ್ವತಂತ್ರ' ಎಂಬುದನ್ನು ಊರಿಗೆ ಸಾರಿದ ಹಾಗಾಯಿತು. ಸ್ವೀಡನ್ನಿನ ಹಾಸ್ಮ್ಯೂರಾ ಜಮೀನಿನ ಹೋಲ್ಮ್‌ಗೌಟ್ ತನ್ನ ಹೆಂಡತಿ ಓಡಿಂಡಿಸಳ ಬಗ್ಗೆ, ಈ ಜಮೀನು ನಡೆಸಲು ಅವಳಿಗಿಂತ ಮೇಲಾದ ಗೃಹಿಣಿ ಹಾಸ್ಮ್ಯೂರಾಕ್ಕೆ ಬರಲಾರಳು ಎಂದು ಕೊರೆಸಿದ. ಇದರಲ್ಲೂ ಹಕ್ಕಿನ ವಾಸನೆ ಹುಡುಕುವುದು ಅತಿಯಾದೀತು.

ಇನ್ನೊಂದು ತುದಿಗೆ ಸ್ಟಾಕ್‌ಹೋಮ್ ಬಳಿಯ ಟೇಬಿ ಊರಿನ ಯಾರ್ಲಬಾಂಕೆ. ಸುಮಾರು 150 ಮೀಟರ್ ಉದ್ದದ ಏರಿದಾರಿ ಕಟ್ಟಿಸಿ, ಅದರ ತುದಿಗಳಲ್ಲಿ ಕಲ್ಲು ನೆಡಿಸಿ, ತಾನು ಬದುಕಿರುವಾಗಲೇ ತನ್ನ ನೆನಪಿಗೆ ಇವನ್ನು ಮಾಡಿಸಿದೆ, ಟೇಬಿಯೆಲ್ಲಕ್ಕೂ ತಾನೊಬ್ಬನೇ ಒಡೆಯ ಎಂದು ಬರೆಸಿಕೊಂಡ. ಒಂದೇ ಮಾತನ್ನು ಇಷ್ಟು ಸಲ ಕಲ್ಲಿಗೇರಿಸಬೇಕಾಯಿತೆಂದರೆ ಆ ಮಾತನ್ನು ಒಪ್ಪದವರು ಸುತ್ತಮುತ್ತ ಇದ್ದರೆಂದೇ ಲೆಕ್ಕ. ಏಡ್ ಎಂಬಲ್ಲಿ ರಾಗ್ನ್‌ವಾಲ್ಡ್ ತಾಯಿ ಫಾಸ್ಟ್ವಿಯ ನೆನಪಿಗೆ ದೊಡ್ಡ ಗುಂಡುಬಂಡೆಯ ಒಂದು ಮಗ್ಗುಲಲ್ಲಿ ಶಾಸನ ಹಾಕಿಸಿ, ಇನ್ನೊಂದು ಮಗ್ಗುಲಲ್ಲಿ ತಾನು ಗ್ರೀಸಿನಲ್ಲಿ ಪಡೆಯ ನಾಯಕನಾಗಿದ್ದೆ ಎಂದು ಹೇಳಿಕೊಂಡಿದ್ದಾನೆ. ಗ್ರೀಸ್ ಎಂದರೆ ಬೈಜಾಂಟಿಯಮ್, ಅಲ್ಲಿನ ಚಕ್ರವರ್ತಿಯ ಬಾಡಿಗೆ ಪಡೆ.

ದೂರದೇಶದ ಸಾವುಗಳ ಕಲ್ಲುಗಳು ಹೆಚ್ಚು ಪ್ರಸಿದ್ಧ. 11ನೇ ಶತಮಾನದ ಮೊದಲರ್ಧದಲ್ಲಿ ಇಂಗ್ವಾರ್ ಎಂಬ ನಾಯಕನ ಹಿಂದೆ ಪೂರ್ವಕ್ಕೆ ಹೋಗಿ ಮರಳದವರಿಗಾಗಿ ಮೆಲಾರೆನ್ ಸುತ್ತಲಲ್ಲಿ ಎರಡು ಡಜನ್ನಿಗೂ ಹೆಚ್ಚು ಕಲ್ಲುಗಳಿವೆ. ಗ್ರಿಪ್ಸ್‌ಹೋಮ್ ಕೋಟೆಯ ಬಳಿಯದು ಟೋಲಾ ಎಂಬಾಕೆ ಮಗ ಹರಾಲ್ಡನಿಗೆ ನಿಲ್ಲಿಸಿದ್ದು: ಅವರು ಗಂಡಸರಂತೆ ಚಿನ್ನಕ್ಕಾಗಿ ದೂರ ಹೋದರು, ಪೂರ್ವದಲ್ಲಿ ಹದ್ದಿಗೆ ಉಣಿಸಿದರು (ಎಂದರೆ ಶತ್ರುಗಳನ್ನು ಕೊಂದರು), ದಕ್ಷಿಣದ ಸೆರ್ಕ್‌ಲಂಡಿನಲ್ಲಿ ಸತ್ತರು. ಸೆರ್ಕ್‌ಲಂಡ್ ಮುಸ್ಲಿಮರ ನಾಡು. ಟೋಲಾ ಹರಾಲ್ಡನನ್ನು ತನ್ನ ಮಗ, 'ಇಂಗ್ವಾರನ ಸೋದರ' ಎನ್ನುತ್ತಾಳೆ; ಇಂಗ್ವಾರನನ್ನು ಮಗ ಎನ್ನುವುದಿಲ್ಲ, ಅವನು ಮಲಮಗನಿರಬಹುದು. ನನಗೆ ಇದಕ್ಕಿಂತ ಹೆಚ್ಚು ತಟ್ಟುವುದು ಹೋಗ್ಬಿಯ ಕಲ್ಲು. ಥೋರ್ಗೆರ್ಡ್ ಗ್ರೀಸಿನಲ್ಲಿ ಸತ್ತ ತನ್ನ ಸೋದರಮಾವ ಆಸ್ಸುರ್‌ನಿಗೆ ಅದನ್ನು ನಿಲ್ಲಿಸಿ, ಹಿಂದಿನ ಮಗ್ಗುಲಲ್ಲಿ ಅಜ್ಜ ಗುಲ್ಲಿಯ ಐದು ಗಂಡುಮಕ್ಕಳ ಲೆಕ್ಕ ಕೊಟ್ಟಿದ್ದಾಳೆ: ಆಸ್ಮುಂಡ್ ಫ್ಯೂರಿಸ್‌ನಲ್ಲಿ ಬಿದ್ದ, ಆಸ್ಸುರ್ ಗ್ರೀಸಿನಲ್ಲಿ, ಹಾಲ್ಫ್‌ಡಾನ್ ಹೋಲ್ಮ್‌ನಲ್ಲಿ ಕೊಲೆಯಾದ, ಕಾರಿ ಇನ್ನೊಂದು ಕಡೆ, ಬೂಯಿಯೂ ಸತ್ತ. ಐವರೂ ಸತ್ತಮೇಲೆ ಹೇಳಲು ಉಳಿದವಳು ಹೆಣ್ಣುಮಗಳ ಮಗಳು.

ಓದು ಒಪ್ಪದ ಕಲ್ಲುಗಳು

ಸಿದ್ಧ ವಾಕ್ಯ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಸ್ವೀಡನ್ನಿನ ಓಸ್ಟರ್‌ಗೋಟ್‌ಲಾಂಡ್ ಪ್ರಾಂತದ ರೋಕ್ ಕಲ್ಲು ಸಾಕ್ಷಿ. ಸುಮಾರು 800ರ ಈ ಕಲ್ಲಿನ ಐದು ಮುಖಗಳಲ್ಲಿ 760ರಷ್ಟು ರೂನ್‌ಗಳಿವೆ, ಕೆಲವು ಗುಪ್ತಲಿಪಿಯಲ್ಲಿ. ಸತ್ತ ಮಗ ವೆಮೋದ್‌ನಿಗಾಗಿ ತಂದೆ ವಾರಿನ್ ಬರೆಸಿದ ಎಂಬ ಮೊದಲ ಸಾಲಿನವರೆಗೆ ಎಲ್ಲರಿಗೂ ಒಪ್ಪಿಗೆ. ಮುಂದೆ ಪದ ಎಲ್ಲಿ ಒಡೆಯಬೇಕು, ಯಾವ ಮುಖದ ನಂತರ ಯಾವುದನ್ನು ಓದಬೇಕು ಎಂಬುದರಲ್ಲೇ ಜಗಳ. ಹಳೆಯ ಓದಿನಲ್ಲಿ ಗಾಥ್ ದೊರೆ ಥಿಯೋಡೊರಿಕ್ ಮತ್ತು ಮರೆತ ಯುದ್ಧಗಳು ಬರುತ್ತಿದ್ದವು. 2020ರಲ್ಲಿ ಪೇರ್ ಹೋಲ್ಮ್‌ಬೆರಿ, ಬೂ ಗ್ರೆಸ್‌ಲುಂಡ್, ಉಲೋಫ್ ಸುಂಡ್‌ಕ್ವಿಸ್ಟ್, ಹೆನ್ರಿಕ್ ವಿಲ್ಲಿಯಮ್ಸ್ ಇದನ್ನು ಒಂಬತ್ತು ಒಗಟುಗಳಾಗಿ ಓದಿದರು: ಐದು ಸೂರ್ಯನ ಬಗ್ಗೆ, ನಾಲ್ಕು ಓಡಿನ್ ದೇವರಿಗೆ ಸಂಬಂಧಿಸಿದ್ದು. 536ರ ನಂತರ ಸೂರ್ಯ ಮಂಕಾಗಿ ಬೆಳೆ ಹೋದ ದುರಂತದ ನೆನಪು, ಅದು ಮರಳೀತೆಂಬ ಭಯ ಇದರ ಹಿಂದಿದೆ ಎಂಬುದು ಅವರ ವಾದ. ಸುದ್ದಿಗಳಲ್ಲಿ ಇದು 'ವೈಕಿಂಗರ ಹವಾಮಾನ ಭೀತಿ' ಎಂದು ಹರಡಿತು. ವಾದ ಸುಸಂಬದ್ಧವಾಗಿದೆ, ಆದರೆ ಕಾಲಕ್ಕೆ ತಕ್ಕ ಆತಂಕ ಕಲ್ಲಿನಲ್ಲಿ ಕಂಡಾಗ ಒಂದು ಹೆಜ್ಜೆ ಹಿಂದೆ ಸರಿದು ನೋಡುವುದು ಒಳ್ಳೆಯದು.

ನಾರ್ವೆಯ ಸ್ವಿಂಗೆರುಡ್ ಕಲ್ಲಿನ ಕಥೆ ಬೇರೆ. 2021ರಲ್ಲಿ ಒಂದು ದಹನ ಸಮಾಧಿಯಲ್ಲಿ ಸಿಕ್ಕ, ಸುಮಾರು 31×32 ಸೆಂಟಿಮೀಟರಿನ ಮರಳುಗಲ್ಲಿನ ಬಿಲ್ಲೆ ಅದು. ಜೊತೆಗಿದ್ದ ಇದ್ದಿಲು ಮತ್ತು ಮೂಳೆಯ ಕಾರ್ಬನ್ ಪರೀಕ್ಷೆಯಿಂದ ಕಾಲ ಸಿಕ್ಕಿತು, 2023ರಲ್ಲಿ ಜಗತ್ತಿನ ಅತಿ ಹಳೆಯ ರೂನ್ ಕಲ್ಲೆಂದು ಪ್ರಕಟವಾಯಿತು. 2025ರ ಅಧ್ಯಯನ ಹತ್ತಿರದ ಸಮಾಧಿಗಳ ಚೂರುಗಳನ್ನೂ ಜೋಡಿಸಿ, ಎಲ್ಲ ಒಂದೇ ದೊಡ್ಡ ಕಲ್ಲಿನವೆಂದು ತೋರಿಸಿತು, ಕಾಲ ಕ್ರಿ.ಪೂ. 50ರಿಂದ ಕ್ರಿ.ಶ. 275ರ ನಡುವೆ. ರೂನ್ ಕಲ್ಲುಗಳಲ್ಲಿ ಇಂಥ ಕಾರ್ಬನ್ ಆಧಾರ ಸಿಗುವುದು ಅಪರೂಪ. ಉಪ್‌ಲಾಂಡಿನ ಕಲ್ಲುಗಳ ಕಾಲವನ್ನು ಹಾವಿನ ತಲೆಯ ಚಿತ್ರಶೈಲಿಯಿಂದ ಹೇಳುತ್ತಾರೆ, ಆ್ಯನ್-ಸೋಫಿ ಗ್ರೆಸ್‌ಲುಂಡ್ ಮಾಡಿದ ವರ್ಗೀಕರಣದ ಪ್ರಕಾರ. ಶೈಲಿಗಳು ಒಂದರ ಮೇಲೊಂದು ಹಾಯುವುದರಿಂದ ಒಂದೆರಡು ದಶಕಗಳ ಅಂತರಕ್ಕೆ ಅದನ್ನು ನಂಬಿ ಕೂರುವಂತಿಲ್ಲ.

ಕಲ್ಲು ಕಳೆಯುವ ಬಗೆ, ಉಳಿಸುವ ಬಗೆ

ಅತಿ ಹೆಚ್ಚು ಕಲ್ಲುಗಳನ್ನು ನುಂಗಿದ್ದು ಕಟ್ಟಡಗಳು. ಚಪ್ಪಟೆಯಾದ ದೊಡ್ಡ ಕಲ್ಲು ಯಾರಿಗೆ ಬೇಡ? ರೋಕ್ ಕಲ್ಲು 19ನೇ ಶತಮಾನದವರೆಗೆ ಚರ್ಚಿನ ಗೋಡೆಯಲ್ಲಿತ್ತು. ಟೋಲಾಳ ಕಲ್ಲು ಗ್ರಿಪ್ಸ್‌ಹೋಮ್ ಕೋಟೆಯೊಳಗೆ ಹೊಸ್ತಿಲಾಗಿತ್ತು. ದಕ್ಷಿಣ ಸ್ವೀಡನ್ನಿನ ಹುನ್ನೆಸ್ಟಾಡ್‌ನಲ್ಲಿ ಎಂಟು ಕಲ್ಲುಗಳ ಸ್ಮಾರಕವಿತ್ತು. ಡ್ಯಾನಿಶ್ ವೈದ್ಯ ಓಲೆ ವೋರ್ಮ್ 1643ರಲ್ಲಿ ಅದರ ಚಿತ್ರ ಪ್ರಕಟಿಸಿದ. 18ನೇ ಶತಮಾನದಲ್ಲಿ ಅದನ್ನು ಕಿತ್ತುಹಾಕಿದರು, ಉಳಿದದ್ದು ಮೂರು. 2020ರ ಕೊನೆಯಲ್ಲಿ ಒಳಚರಂಡಿ ಕೊಳವೆಗೆ ಅಗೆಯುವಾಗ ನಾಲ್ಕನೆಯದು ಸಿಕ್ಕಿತು. ಮೃಗದ ಚಿತ್ರವಿರುವ ಆ ಕಲ್ಲು ಸೇತುವೆಯ ಭಾಗವಾಗಿತ್ತು. ವೋರ್ಮ್‌ನ ಚಿತ್ರವಿಲ್ಲದಿದ್ದರೆ ಅದನ್ನು ಹುನ್ನೆಸ್ಟಾಡಿಗೆ ಹೊಂದಿಸಲು ಆಗುತ್ತಿರಲಿಲ್ಲ. ಸ್ವೀಡನ್ನಿನಲ್ಲಿ ಯೋಹಾನೆಸ್ ಬ್ಯೂರೆಯಸ್ (1568–1652) ಮಾಡಿದ್ದೂ ಇದೇ ಕೆಲಸ. ಇಂದು ಇಲ್ಲದ ಎಷ್ಟೋ ಕಲ್ಲುಗಳು ಆತನ ಮತ್ತು ಆತನ ನಂತರದವರ ಚಿತ್ರಗಳಲ್ಲಿ ಮಾತ್ರ ಇವೆ, ಅವರ ತಪ್ಪುಗಳ ಸಮೇತ. ಆದ್ದರಿಂದಲೇ ಉಪ್ಸಾಲ ವಿಶ್ವವಿದ್ಯಾಲಯದ ರೂನ್ ಪಠ್ಯಕೋಶದಲ್ಲಿ ಗುರುತುಗಳು ಬಿಗಿ: ದುಂಡು ಆವರಣದೊಳಗಿನದು ಸವೆದ ಅಥವಾ ಅನುಮಾನದ ಅಕ್ಷರ, ಚೌಕದೊಳಗಿನದು ಕಲ್ಲಿನಲ್ಲಿ ಈಗಿಲ್ಲದೆ ಹಳೆಯ ಓದಿನಿಂದ ತಂದದ್ದು. ಆವರಣ ಕಿತ್ತು ಪಠ್ಯ ನಕಲಿಸುವವರು ಈ ಭೇದವನ್ನೇ ಅಳಿಸುತ್ತಾರೆ.

ಬಯಲಿನಲ್ಲಿ ನಿಂತ ಕಲ್ಲಿಗೆ ಚಳಿಗಾಲವೇ ಶತ್ರು. ಬಿರುಕಿನಲ್ಲಿ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗಿ ಪದರ ಎಬ್ಬಿಸುತ್ತದೆ. ಮರಳುಗಲ್ಲಿಗೆ ಇದರ ಪೆಟ್ಟು ಹೆಚ್ಚು. ಸ್ವೀಡನ್ನಿನ ಗಾಟ್‌ಲಂಡ್ ಮತ್ತು ಓಲಂಡ್ ದ್ವೀಪಗಳ ಸುಣ್ಣಕಲ್ಲಿಗೆ ಆಮ್ಲಮಳೆಯದು. ರಸ್ತೆ ಬದಿಯ ಕಲ್ಲಿಗೆ ಹಿಮ ಕರಗಿಸಲು ಎರಚುವ ಉಪ್ಪು ತಾಗುತ್ತದೆ. ಕಲ್ಲುಹೂವು ಬೇರೆಯದೇ ಸಮಸ್ಯೆ: ಅಕ್ಷರ ಮುಚ್ಚುತ್ತದೆ, ಎಳೆಗಳನ್ನು ಕಲ್ಲಿನೊಳಗೆ ಇಳಿಸುತ್ತದೆ. ಕೆರೆದು ತೆಗೆದರೆ ಕಲ್ಲಿನ ಕಣಗಳೂ ಜೊತೆಗೆ ಬರುತ್ತವೆ.

ಹೊಸದಾಗಿ ಪರಿಶೀಲಿಸುವ ಕ್ರಮ ಹೀಗಿರುತ್ತದೆ. ಮೊದಲು ಹಳೆಯ ಚಿತ್ರ, ಫೋಟೊ, ಓದುಗಳನ್ನೆಲ್ಲ ಒಟ್ಟುಮಾಡಬೇಕು. ಕಲ್ಲನ್ನು ಬರಿಯ ನೀರು ಮತ್ತು ಮೆತ್ತನೆಯ ಕುಂಚದಿಂದ ತೊಳೆಯಬೇಕು. ತಂತಿ ಬ್ರಷ್, ಆಮ್ಲ, ಜೋರುನೀರಿನ ಯಂತ್ರ ಯಾವುದೂ ಕೂಡದು. ಸೀಮೆಸುಣ್ಣದಿಂದ ಗೀರು ತುಂಬುವುದು ಹಿಂದೆ ರೂಢಿಯಲ್ಲಿತ್ತು; ಅದು ಕಲ್ಲನ್ನೂ ತಿಕ್ಕುತ್ತದೆ, ಮುಂದಿನವನ ಕಣ್ಣನ್ನೂ ಕಟ್ಟಿಹಾಕುತ್ತದೆ. ಕತ್ತಲಾದ ಮೇಲೆ ದೀಪವನ್ನು ಕಲ್ಲಿನ ಮೈಗೆ ಸವರುವಷ್ಟು ಓರೆಯಾಗಿ ಹಿಡಿದರೆ ಹಗಲು ಕಾಣದ ಗೀರು ನೆರಳಾಗಿ ಏಳುತ್ತದೆ. ಒಂದೇ ದಿಕ್ಕಿನ ಬೆಳಕಿಗೆ ಸಮಾನಾಂತರವಾದ ಗೀರು ಮಾಯವಾಗುವುದರಿಂದ ದೀಪವನ್ನು ಸುತ್ತ ತಿರುಗಿಸಬೇಕು. ಬೆರಳಿನಿಂದ ಮುಟ್ಟಿ ನೋಡುವುದನ್ನು ಇಂದಿಗೂ ಯಾರೂ ಬಿಟ್ಟಿಲ್ಲ, ಪ್ರಕೃತಿಯ ಬಿರುಕಿಗೂ ಕೊರೆದ ಗೀರಿಗೂ ಅಂಚಿನಲ್ಲಿ ವ್ಯತ್ಯಾಸ ತಿಳಿಯುತ್ತದೆ. ಆಮೇಲೆ ಸ್ಕ್ಯಾನ್, ಅಥವಾ ಮೋಡ ಕವಿದ ಹೊತ್ತಿನಲ್ಲಿ ಅಳತೆಪಟ್ಟಿ ಇಟ್ಟು, ಒಂದರ ಮೇಲೊಂದು ಅರ್ಧಕ್ಕಿಂತ ಹೆಚ್ಚು ಹಾಯುವಂತೆ ತೆಗೆದ ಫೋಟೊಗಳಿಂದ 3ಡಿ ಮಾದರಿ. ಬೆಂಗಳೂರಿನ ಮಿಥಿಕ್ ಸೊಸೈಟಿ ನಮ್ಮ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿರುವುದೂ ಇದೇ ತರ್ಕದಲ್ಲಿ.

ಇನ್ನು ಬಣ್ಣ. ಸ್ವೀಡನ್ನಿನಲ್ಲಿ ನೋಡುವ ಕಲ್ಲುಗಳ ಕೆಂಪು ಅಕ್ಷರ ವೈಕಿಂಗರದಲ್ಲ, ಈಚಿನವರು ತುಂಬಿದ್ದು. ಮೂಲದಲ್ಲೂ ಬಣ್ಣವಿತ್ತು ನಿಜ. ಒವರ್‌ಸೆಲೋದ ಕಲ್ಲು ತಾನು ರೂನ್‌ಗಳಿಂದ ಕೆಂಪಾದೆ ಎಂದೇ ಹೇಳುತ್ತದೆ; ಓಲಂಡಿನ ಚರ್ಚಿನಲ್ಲಿ ಸಿಕ್ಕ ಚೂರುಗಳಲ್ಲಿ ಹಳೆಯ ಬಣ್ಣ ಉಳಿದಿದೆ. ತೊಂದರೆ ಏನೆಂದರೆ, ಬಣ್ಣ ತುಂಬುವವರು ಯಾವುದು ಅಕ್ಷರ, ಯಾವುದು ಬಿರುಕು ಎಂದು ಮೊದಲೇ ತೀರ್ಮಾನಿಸಿರುತ್ತಾರೆ. ತೀರ್ಮಾನ ತಪ್ಪಾದರೆ ಅದೇ ಫೋಟೊ, ಅದೇ ಪುಸ್ತಕ, ಅದೇ ಓದು. ಸ್ವೀಡನ್ನಿನಲ್ಲಿ ಪ್ರಾಚೀನ ಸ್ಮಾರಕ ಕಾನೂನಿನಡಿ ಅನುಮತಿಯಿಲ್ಲದೆ ಯಾರೂ ಬಣ್ಣ ತುಂಬುವಂತಿಲ್ಲ. ಅನುಮತಿ ಇದ್ದಾಗಲೂ ಅನುಮಾನದ ಗೀರನ್ನು ಖಾಲಿ ಬಿಡುವುದೇ ಸರಿ.

ರೂನ್‌ಗಳ ಮೇಲೆ ಬೇರೆ ಬಗೆಯ ಬಣ್ಣವನ್ನೂ ಬಳಿದಿದ್ದಾರೆ. ನಾಜಿಗಳ ಎಸ್‌ಎಸ್ ಪಡೆ ರೂನ್ ಆಕಾರವನ್ನು ಲಾಂಛನ ಮಾಡಿಕೊಂಡಿತು, ಇಂದಿನ ನಾರ್ಡಿಕ್ ನವನಾಜಿ ಸಂಘಟನೆ ಟೀರ್ ಎಂಬ ರೂನ್ ಅಕ್ಷರವನ್ನು ಬಾವುಟದಲ್ಲಿಟ್ಟಿದೆ. ಅಮೆರಿಕದ ಮಿನೆಸೋಟದಲ್ಲಿ 1898ರಲ್ಲಿ ಸಿಕ್ಕ, 1362ರದೆಂದು ಹೇಳಿಕೊಳ್ಳುವ ಕೆನ್ಸಿಂಗ್ಟನ್ ಕಲ್ಲನ್ನು ತಜ್ಞರು 19ನೇ ಶತಮಾನದ ಕೃತಕ ಎನ್ನುತ್ತಾರೆ. ಅದರ ಭಾಷೆಯೇ ಅದನ್ನು ಬಿಟ್ಟುಕೊಡುತ್ತದೆ.

ಯೆಲ್ಲಿಂಗ್‌ನ ಕಲ್ಲುಗಳಿಗೆ 2011ರ ಆರಂಭದಲ್ಲಿ ಹುಡುಗನೊಬ್ಬ ಹಸಿರು ಬಣ್ಣ ಎರಚಿದ. ಅದನ್ನು ತೆಗೆಯಲಾಯಿತು, ಸವಕಳಿ ತಡೆಯಲೆಂದು ಅದಾಗಲೇ ಯೋಜಿಸಿದ್ದ ಗಾಜಿನ ಮನೆಗಳು ಅದೇ ವರ್ಷ ಬಂದವು, ಒಳಗೆ ತೇವ ಮತ್ತು ತಾಪದ ಹತೋಟಿ. ಹತ್ತು ಟನ್ನಿನ ಒಂದು ರಾಜಶಾಸನಕ್ಕೆ ಇದು ಸರಿ. ಉಪ್‌ಲಾಂಡಿನ ಸಾವಿರ ಕಲ್ಲುಗಳಿಗೆ ಗಾಜು ಹಾಕಲಾಗದು, ಒಳಗೆ ಸಾಗಿಸಿದರೆ ದಾರಿ-ಸೇತುವೆ-ಜಮೀನಿನೊಂದಿಗಿನ ನಂಟು ಹೋಗುತ್ತದೆ. ಇಂಗಾಳ ಕಲ್ಲು ಸ್ನೋಟ್ಸ್ಟಾದಲ್ಲಿ ಇಲ್ಲದಿದ್ದರೆ 'ಈ ಜಮೀನು' ಎಂಬುದಕ್ಕೆ ಅರ್ಥವೇ ಇಲ್ಲ. ಹಾಗಾಗಿ ಮೊದಲು ಆಗಬೇಕಾದದ್ದು ದಾಖಲೆ, ಅದೂ ಬೇಗ ಸವೆಯುವ ಮರಳುಗಲ್ಲಿನವುಗಳಿಂದ ಶುರುಮಾಡಿ, ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ, ಸವಕಳಿಯ ವೇಗ ಗೊತ್ತಾಗುವಂತೆ. ಇಲ್ಲಿ ಒಂದು ತಾಂತ್ರಿಕ ಎಚ್ಚರ ಬೇಕು. ಅಂತರ್ಜಾಲಕ್ಕೆ ಹಾಕಲು ಹಗುರಗೊಳಿಸಿದ 3ಡಿ ಮಾದರಿಯಲ್ಲಿ ತಂತ್ರಾಂಶ ಮೇಲ್ಮೈಯನ್ನು ನಯಗೊಳಿಸಿರುತ್ತದೆ. ಅಕ್ಷರ ಚೆನ್ನಾಗಿ ಕಾಣುತ್ತದೆ, ಮಿಲಿಮೀಟರಿಗಿಂತ ಚಿಕ್ಕದಾದ ಏಟಿನ ಅಲೆ ಹೋಗಿಬಿಟ್ಟಿರುತ್ತದೆ. ತೂವೆಯ ಕೈಯನ್ನು ಅಂಥ ಮಾದರಿಯಿಂದ ಯಾರೂ ಗುರುತಿಸಲಾರರು. ಸ್ಕ್ಯಾನಿನ ಕಚ್ಚಾ ದತ್ತಾಂಶವನ್ನೂ ಮೂಲ ಫೋಟೊಗಳನ್ನೂ ಬೇರೆಯಾಗಿ ಇಟ್ಟುಕೊಳ್ಳಲೇಬೇಕು.